ಮರುಭೂಮಿಯ ಬಿಳಿ ವೆಲ್ವೆಟ್ ಇರುವೆ: ಗುರುತಿಸುವುದು, ಹುಡುಕುವುದು, ಎಣಿಸುವುದು

ವೆಲ್ವೆಟ್ ಇರುವೆ ಗುರುತಿಸಲು ಕಲಿಯುವವರು ಮೊದಲು ಬಿಡಬೇಕಾದದ್ದು ಬಣ್ಣದ ಮೇಲಿನ ನಂಬಿಕೆ. ಈ ಕೀಟಗಳ ಬಣ್ಣ ಬೆಳೆದು ಬಂದಿರುವುದೇ ನೋಡುವವರ ಕಣ್ಣನ್ನು ಉದ್ದೇಶಿಸಿ. ಹಲ್ಲಿ, ಹಕ್ಕಿಗಳ ಕಣ್ಣಿಗೆ ಒಂದು ಜಾತಿ ಇನ್ನೊಂದರಂತೆ ಕಂಡರೆ ಅವಕ್ಕೆ ಲಾಭ. ನಮ್ಮ ಕಣ್ಣೂ ಅದೇ ಬಲೆಗೆ ಬೀಳುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬಣ್ಣವನ್ನು ದೂರದಿಂದ ಕಂಡುಹಿಡಿಯಲು ಮಾತ್ರ ಬಳಸುತ್ತೇವೆ. ಹೆಸರು ಬರೆಯುವ ಹೊತ್ತಿಗೆ ಸೊಂಟ, ಕುಡಿಮೀಸೆ, ಎದೆ, ಹೊಟ್ಟೆಯ ತುದಿ ಇವನ್ನು ಕೇಳುತ್ತೇವೆ.

ಉದಾಹರಣೆಗೆ ಆರಿಸಿಕೊಂಡಿರುವುದು ಡ್ಯಾಸಿಮ್ಯುಟಿಲ್ಲ ಗ್ಲೋರಿಯೋಸ. 1868ರಲ್ಲಿ ಸ್ವಿಟ್ಜರ್ಲೆಂಡಿನ ಕೀಟತಜ್ಞ ಆನ್ರಿ ಡಿ ಸೊಸ್ಯೂರ್ ಮೊದಲು ವಿವರಿಸಿದ ಜಾತಿ. ಅಮೆರಿಕದ ನೈಋತ್ಯ ಭಾಗ ಮತ್ತು ಉತ್ತರ ಮೆಕ್ಸಿಕೋದ ಮರುಭೂಮಿಗಳಲ್ಲಿ, ಅಂದರೆ ಮೊಹಾವಿ, ಸೊನೋರನ್ ಮತ್ತು ಅವುಗಳ ಆಸುಪಾಸಿನಲ್ಲಿ ಇದರ ವಾಸ. ಅಲ್ಲಿನವರು ಇದನ್ನು ಥಿಸಲ್‌ಡೌನ್ ವೆಲ್ವೆಟ್ ಆಂಟ್ ಎನ್ನುತ್ತಾರೆ. ಮೈತುಂಬ ಉದ್ದನೆಯ ಬಿಳಿ ರೋಮ. ಗಾಳಿಗೆ ಹಾರಿಬಂದ ಬೀಜದ ಹತ್ತಿಯೊಂದಕ್ಕೆ ಕಾಲು ಬಂದಂತೆ ಓಡುತ್ತದೆ. ಫೀನಿಕ್ಸ್, ಟೂಸಾನ್, ಲಾಸ್ ವೇಗಸ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇದನ್ನು ಹುಡುಕಲು ದೂರ ಹೋಗಬೇಕಿಲ್ಲ. ಊರಂಚಿನ ಮರಳು ಹಳ್ಳಗಳೇ ಸಾಕು.

ಮೊದಲು ಪ್ರಾಣಿ ಯಾವುದೆಂದು ತಿಳಿಯೋಣ

ಹೆಸರಲ್ಲಿ ಇರುವೆ ಇದ್ದರೂ ಇದು ಕಣಜ. ಮ್ಯುಟಿಲಿಡೆ ಎಂಬ ಕಣಜ ಕುಟುಂಬಕ್ಕೆ ಸೇರಿದ್ದು. ಹೆಣ್ಣಿಗೆ ರೆಕ್ಕೆಯೇ ಇಲ್ಲ, ಜೀವನವಿಡೀ ನೆಲದ ಮೇಲೆ. ಗಂಡಿಗೆ ರೆಕ್ಕೆ ಇದೆ, ಕೊಂಡಿ ಇಲ್ಲ. ಹೆಣ್ಣಿನ ಕೊಂಡಿ ಬಹಳ ಉದ್ದ, ಹೊಟ್ಟೆಯನ್ನು ಯಾವ ದಿಕ್ಕಿಗೂ ತಿರುಗಿಸಿ ಚುಚ್ಚಬಲ್ಲಳು. ಗೂಡು ಕಟ್ಟುವುದಿಲ್ಲ, ಸಮೂಹದಲ್ಲಿ ಬಾಳುವುದಿಲ್ಲ. ನೆಲದಲ್ಲಿ ಬಿಲ ತೋಡುವ ಜೇನು, ಕಣಜಗಳ ಗೂಡಿಗೆ ನುಗ್ಗಿ, ತಿಂದು ಬಲಿತ ಮರಿಹುಳದ ಅಥವಾ ಕೋಶದ ಮೇಲೆ ಮೊಟ್ಟೆಯಿಡುತ್ತಾಳೆ. ಅದರ ಮರಿ ಆ ಅತಿಥೇಯವನ್ನೇ ತಿಂದು ಬೆಳೆಯುತ್ತದೆ. ಸಮೀಕ್ಷೆ ಮಾಡುವವರಿಗೆ ಈ ಒಂದು ಸಂಗತಿ ಚಿನ್ನದಂಥದ್ದು: ಬಿಲ ತೋಡುವ ಕಣಜ, ಜೇನು ಎಲ್ಲಿದೆಯೋ ಅಲ್ಲಿ ಹುಡುಕಬೇಕು.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡೋಣ. ಮೊದಲ ಮಳೆಗೆ ನಮ್ಮೂರ ಹೊಲಗಳಲ್ಲಿ ಎದ್ದು ಬರುವ ಕೆಂಪು ಮಖಮಲ್ ಹುಳು ಇದಲ್ಲ. ಅದಕ್ಕೆ ಎಂಟು ಕಾಲು, ಅದು ಉಣ್ಣೆ-ನುಸಿಗಳ ಕಡೆಯ ನೆಂಟ. ಇದಕ್ಕೆ ಆರು ಕಾಲು. ಅದನ್ನು ಮಕ್ಕಳು ಅಂಗೈಯಲ್ಲಿಟ್ಟು ಆಡುತ್ತಾರೆ, ಇದನ್ನು ಇಟ್ಟುಕೊಳ್ಳಲಾಗದು.

ಇನ್ನು ಬಣ್ಣದ ಕಥೆ. ಉತ್ತರ ಅಮೆರಿಕದ ಮುನ್ನೂರಕ್ಕೂ ಹೆಚ್ಚು ವೆಲ್ವೆಟ್ ಇರುವೆ ಜಾತಿಗಳನ್ನು ಪರಿಶೀಲಿಸಿದ ಸಂಶೋಧಕರು ಅವುಗಳಲ್ಲಿ ಹೆಚ್ಚಿನವು ಎಂಟು ವೇಷಗಳಲ್ಲಿ ಒಂದನ್ನು ತೊಟ್ಟಿವೆ ಎಂದು 2015ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ತೋರಿಸಿದರು. ಎಲ್ಲ ಜಾತಿಯ ಹೆಣ್ಣುಗಳೂ ಕುಟುಕುತ್ತವೆ, ಒಂದು ಬಳಗದವೆಲ್ಲ ಒಂದೇ ಎಚ್ಚರಿಕೆಯ ವೇಷ ಹಂಚಿಕೊಳ್ಳುತ್ತವೆ. ಒಂದರಿಂದ ಪಾಠ ಕಲಿತ ಹಲ್ಲಿ ಉಳಿದವನ್ನೂ ಬಿಡುತ್ತದೆ. ಒಂದು ವೇಷದೊಳಗೆ ಹಲವು ಜಾತಿ, ಕೆಲವೊಮ್ಮೆ ಬೇರೆ ಬೇರೆ ಕುಲಗಳೂ ಸೇರಿರುತ್ತವೆ. ಬಿಳಿ ವೇಷದ ಮರುಭೂಮಿ ಬಳಗದಲ್ಲಿ ಗ್ಲೋರಿಯೋಸ ಒಂಟಿಯಲ್ಲ.

ಈ ಬಿಳಿ ರೋಮ ಯಾಕೆ ಎಂಬುದಕ್ಕೆ ಹಳೆಯ ಉತ್ತರವೊಂದಿತ್ತು. ಮರುಭೂಮಿಯ ಕ್ರಿಯೊಸೋಟ್ ಪೊದೆಯ ಕಾಯಿ ಸಣ್ಣದು, ಬಿಳಿ ರೋಮದ ಉಂಡೆ. ಕೀಟ ಅದನ್ನು ಅನುಕರಿಸಿ ಅಡಗುತ್ತದೆ ಎನ್ನುತ್ತಿದ್ದರು. ಜೋಸೆಫ್ ವಿಲ್ಸನ್ ಮತ್ತು ಸಂಗಡಿಗರು 2020ರಲ್ಲಿ ಬಯಾಲಜಿ ಲೆಟರ್ಸ್ ಪತ್ರಿಕೆಯಲ್ಲಿ ಇದನ್ನು ಅಲ್ಲಗಳೆದರು. ಕ್ರಿಯೊಸೋಟ್ ಉತ್ತರ ಅಮೆರಿಕಕ್ಕೆ ಬಂದದ್ದು ಬಹಳ ಈಚೆಗೆ. ಬಿಳಿ ಕಣಜಗಳು ಅದಕ್ಕೂ ಎಷ್ಟೋ ಮೊದಲೇ ಅಲ್ಲಿದ್ದವು. ಬಿಳಿ ರೋಮ ಬಿಸಿಲನ್ನು ಹಿಂದಕ್ಕೆ ಎಸೆದು ಮೈ ತಂಪಾಗಿಡಲು ನೆರವಾಗುತ್ತದೆ ಎಂಬುದು ಅವರ ವಾದ. ಕಾರಣ ಏನೇ ಇರಲಿ, ಹುಡುಕುವವರ ಪಾಲಿಗೆ ಕ್ರಿಯೊಸೋಟ್ ಕಾಯಿ ಮಾತ್ರ ನಿಜವಾದ ತಲೆನೋವು. ಅದಕ್ಕೆ ಉಪಾಯ ಮುಂದೆ ಹೇಳುತ್ತೇನೆ.

ಹಂತ 1: ಅನುಮತಿ, ಕಾಲ, ಸಾಮಾನು

ಅನುಮತಿಯಿಂದಲೇ ಶುರು ಮಾಡಿ. ದಾರಿಯಲ್ಲಿ ನಡೆಯುತ್ತಾ ಫೋಟೋ ತೆಗೆಯಲು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ಜೋಶುವಾ ಟ್ರೀ, ಡೆತ್ ವ್ಯಾಲಿ, ಸಗ್ವಾರೊ ಮುಂತಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಕೀಟ ಹಿಡಿಯುವುದಕ್ಕೆ, ಗುಂಡಿ ತೋಡಿ ಬಲೆಯಿಡುವುದಕ್ಕೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸಂಶೋಧನಾ ಪರವಾನಗಿ ಬೇಕು. ಹಿಡಿದು ಫೋಟೋ ತೆಗೆದು ಬಿಡುತ್ತೇನೆ ಎಂದರೂ ಕೇಳಿಯೇ ಮುಂದುವರಿಯಿರಿ. ಬುಡಕಟ್ಟು ಜನರ ಮೀಸಲು ನೆಲ, ರಾಜ್ಯ ಉದ್ಯಾನ, ಖಾಸಗಿ ಜಮೀನು, ಒಂದೊಂದಕ್ಕೂ ಬೇರೆ ಬೇರೆ ಒಡೆಯರು. ನಕ್ಷೆಯಲ್ಲಿ ಗಡಿ ನೋಡಿಕೊಳ್ಳದೆ ಹಳ್ಳ ಹಿಡಿದು ನಡೆದರೆ ಯಾವಾಗ ಯಾರ ನೆಲಕ್ಕೆ ಕಾಲಿಟ್ಟಿರಿ ಎಂಬುದೇ ತಿಳಿಯುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ, ಬೇಸಿಗೆಯಿಂದ ಶರತ್ಕಾಲದ ಮೊದಲ ಭಾಗದವರೆಗೆ ಹುಡುಕಬಹುದು. ಅರಿಜೋನದ ಸೊನೋರನ್ ಮರುಭೂಮಿಯಲ್ಲಿ ಜುಲೈನಿಂದ ಸೆಪ್ಟೆಂಬರ್ ನಡುವೆ ಮುಂಗಾರು ಬಂದುಹೋಗುತ್ತದೆ. ಆ ಮಳೆಗೆ ಹೂವು, ಹೂವಿಗೆ ಜೇನು-ಕಣಜ, ಅವುಗಳ ಬೆನ್ನಿಗೆ ವೆಲ್ವೆಟ್ ಇರುವೆ. ದಿನದ ಲೆಕ್ಕದಲ್ಲಿ ಬೆಳಿಗ್ಗೆ ಬಿಸಿಲು ಮರಳಿಗೆ ತಾಗಿದ ಮೇಲಿನ ಎರಡು-ಮೂರು ಗಂಟೆ ಮತ್ತು ಇಳಿಹೊತ್ತು. ನಡುಮಧ್ಯಾಹ್ನ ಮರಳಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆಗ ಕೀಟವೂ ಪೊದೆಯ ನೆರಳಿಗೋ ಬಿಲಕ್ಕೋ ಸೇರಿರುತ್ತದೆ, ನಿಮಗೂ ಅಲ್ಲಿ ಕೆಲಸವಿಲ್ಲ. ಅಂಗೈ ಹಿಂಬದಿಯನ್ನು ಮರಳಿನ ಮೇಲೆ ಐದು ಸೆಕೆಂಡ್ ಇಡಲಾಗದಿದ್ದರೆ ಸಮೀಕ್ಷೆ ನಿಲ್ಲಿಸಿ.

ಚೀಲದಲ್ಲಿ ಇರಬೇಕಾದವು: ಅಗಲಬಾಯಿಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳು, ಉದ್ದನೆಯ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ, ಮ್ಯಾಕ್ರೋ ತೆಗೆಯಬಲ್ಲ ಕ್ಯಾಮೆರಾ ಅಥವಾ ಫೋನು, ಮಿಲಿಮೀಟರ್ ಸ್ಕೇಲು, ಮೇಲ್ಮೈ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಜಿಪಿಎಸ್, 50 ಮೀಟರ್ ಟೇಪು, ಐಸ್ ಪ್ಯಾಕ್ ಇಟ್ಟ ಸಣ್ಣ ತಂಪುಪೆಟ್ಟಿಗೆ, ಪೆನ್ಸಿಲು, ನೋಟ್‌ಬುಕ್. ಪೆನ್ನು ಬೇಡ, ಬಿಸಿಗೆ ಸೋರುತ್ತದೆ, ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.

ನೀರು ತಲೆಗೊಂದು ದಿನಕ್ಕೆ ನಾಲ್ಕು ಲೀಟರ್, ಇದು ಕನಿಷ್ಠ. ಚಪ್ಪಲಿ ಬೇಡವೇ ಬೇಡ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ, ಅನೇಕ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮುಂಗಾರಿನಲ್ಲಿ ಒಣಹಳ್ಳದೊಳಗೆ ಇರುವಾಗ ದೂರದ ಬೆಟ್ಟದ ಮೇಲೆ ಕಪ್ಪು ಮೋಡ ಕಂಡರೆ ಕೂಡಲೇ ಮೇಲೇರಿ. ನಿಮ್ಮ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಹಳ್ಳದಲ್ಲಿ ನೀರು ನುಗ್ಗಿ ಬರುತ್ತದೆ. ಪೊದೆಯ ಬುಡಕ್ಕೆ ಕೈ ಹಾಕುವ ಮುನ್ನ ಬುಡುಬುಡಿಕೆ ಹಾವು ಇಲ್ಲವೆಂದು ನೋಡಿ. ನಿಲ್ಲಿಸಿದ ಕಾರು ತೆಗೆಯುವ ಮುನ್ನ ಅದರಡಿ ಬಗ್ಗಿ ನೋಡುವುದು ಮೊಹಾವಿಯಲ್ಲಿ ನಿಯಮವೇ ಆಗಿದೆ. ಅಳಿವಿನ ಅಂಚಿನ ಮರುಭೂಮಿ ಆಮೆ ನೆರಳು ಹುಡುಕಿಕೊಂಡು ಅಲ್ಲಿ ಬಂದು ಕೂತಿರಬಹುದು.

ಹಂತ 2: ಜಾಗ ಆರಿಸುವುದು

ಇಲ್ಲಿ ಹೆಚ್ಚು ಹೊತ್ತು ಕೊಡಿ. ಸಮೀಕ್ಷೆಯ ಅರ್ಧ ಫಲ ಜಾಗದ ಆಯ್ಕೆಯಲ್ಲೇ ನಿರ್ಧಾರವಾಗುತ್ತದೆ. ಗ್ಲೋರಿಯೋಸ ಹೆಣ್ಣು ಬೇಕೆನಿಸುವಷ್ಟು ಸುಲಭಕ್ಕೆ ಸಿಗುವುದಿಲ್ಲ, ಆದರೆ ಅದರ ಅತಿಥೇಯಗಳು ಕಾಣುವುದು ಸುಲಭ. ಆದ್ದರಿಂದ ಮೊದಲ ಭೇಟಿಯಲ್ಲಿ ಕೀಟವನ್ನು ಹುಡುಕಲೇಬೇಡಿ, ಬಿಲಗಳನ್ನು ಹುಡುಕಿ.

ಒಣಹಳ್ಳದ ದಂಡೆ, ಸಡಿಲ ಮರಳಿನ ಬಯಲು, ಮರಳು ದಿಬ್ಬದ ಅಂಚು, ವಾಹನ ಓಡಾಡಿ ಸಡಿಲಗೊಂಡ ಮಣ್ಣುದಾರಿಯ ಬದಿ ಇವನ್ನು ನಡೆದು ನೋಡಿ. ಪೆನ್ಸಿಲ್ ತೂರುವಷ್ಟು ಅಗಲದ ತೂತು, ಅದರ ಮುಂದೆ ಚೆಲ್ಲಿದ ಹೊಸ ಮರಳು, ಮೇಲೆ ಗಿರಕಿ ಹೊಡೆಯುವ ಮರಳು ಕಣಜಗಳು ಕಂಡರೆ ಜಾಗ ಗುರುತು ಹಾಕಿಕೊಳ್ಳಿ. ಬೆಂಬಿಕ್ಸ್ ಕುಲದ ಮರಳು ಕಣಜಗಳು ಮುಂಗಾಲಿನಲ್ಲಿ ಮರಳನ್ನು ಹಿಂದಕ್ಕೆ ಚಿಮ್ಮಿಸುತ್ತಾ ತೋಡುವುದು ಹತ್ತು ಅಡಿ ದೂರದಿಂದಲೇ ಕಾಣುತ್ತದೆ. ಒಂದು ಮೀಟರ್ ಚೌಕ ಹಾಕಿ ಅದರೊಳಗೆ ಎಷ್ಟು ಬಿಲವಿದೆ ಎಣಿಸಿ ಬರೆದುಕೊಳ್ಳಿ. ಇಂಥ ಚೌಕಗಳು ಒಂದು ಜಾಗಕ್ಕೆ ಹತ್ತಾದರೂ ಇರಲಿ. ಮುಂದೆ ನಿಮ್ಮ ಕೀಟದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಹೋಲಿಕೆಗೆ ಬಿಲಗಳಿಲ್ಲದ, ಗಟ್ಟಿ ನೆಲದ ಜಾಗವೂ ಬೇಕು. ಸಿಗುವ ಕಡೆ ಮಾತ್ರ ಹುಡುಕಿ, ಸಿಕ್ಕಿತು ಎಂದು ಬರೆದರೆ ಅದು ಸಮೀಕ್ಷೆಯಾಗುವುದಿಲ್ಲ. ಕಪ್ಪಗೆ ಉಬ್ಬಿದ ಹೆಪ್ಪಿನಂಥ ಮೇಲ್ಪದರ ಇರುವ ನೆಲದ ಮೇಲೆ ಮಾತ್ರ ಕಾಲಿಡಬೇಡಿ. ಅದು ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಕಟ್ಟಿದ ಜೀವಂತ ಪದರ. ಒಂದು ಹೆಜ್ಜೆಗೆ ಒಡೆದದ್ದು ಮರಳಿ ಕೂಡಲು ವರ್ಷಗಳು ಬೇಕು.

ಹಂತ 3: ಸಾಲು ಹಿಡಿದು ನಡೆಯುವುದು

ಪ್ರತಿ ಜಾಗದಲ್ಲಿ 100 ಮೀಟರ್ ಉದ್ದದ ಆರು ಸಾಲು ಹಾಕಿ, ಸಾಲಿನಿಂದ ಸಾಲಿಗೆ ಕನಿಷ್ಠ 20 ಮೀಟರ್ ಅಂತರ. ಸಾಲಿನ ಎಡಕ್ಕೆ ಎರಡು, ಬಲಕ್ಕೆ ಎರಡು ಮೀಟರ್, ಅಷ್ಟೇ ನಿಮ್ಮ ಹದ್ದು. ಅದರಾಚೆ ಕಂಡದ್ದನ್ನು ಬೇರೆ ಪುಟದಲ್ಲಿ ಬರೆಯಿರಿ, ಲೆಕ್ಕಕ್ಕೆ ಸೇರಿಸಬೇಡಿ. ಒಂದು ಸಾಲಿಗೆ ಹತ್ತು ನಿಮಿಷ. ಇದು ನಿಧಾನ ಎನಿಸುತ್ತದೆ, ಆದರೆ ಅದಕ್ಕಿಂತ ಬೇಗ ನಡೆದರೆ ಪೊದೆಯ ಬುಡದ ನೆರಳು-ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಕೀಟ ಹಿಡಿಯಲು, ಫೋಟೋ ತೆಗೆಯಲು ನಿಂತಾಗ ಗಡಿಯಾರ ನಿಲ್ಲಿಸಿ.

ಹೇಳುತ್ತೇನೆಂದ ಉಪಾಯ ಇದು. ಕ್ರಿಯೊಸೋಟ್ ಕಾಯಿ ಗಾಳಿ ಹೋದತ್ತ ಉರುಳುತ್ತದೆ, ಗಾಳಿ ನಿಂತಾಗ ನಿಲ್ಲುತ್ತದೆ. ವೆಲ್ವೆಟ್ ಇರುವೆ ಗಾಳಿಗೆದುರಾಗಿಯೂ ಓಡುತ್ತದೆ, ಏರು ಹತ್ತುತ್ತದೆ, ತೂತಿನ ಬಾಯಲ್ಲಿ ತಲೆ ಹಾಕಿ ಹಿಂದೆಗೆಯುತ್ತದೆ. ಹಾಗಾಗಿ ಬಿಳಿ ಚುಕ್ಕೆಗಳನ್ನು ಹುಡುಕಬೇಡಿ, ಗಾಳಿಯ ಮಾತು ಕೇಳದ ಬಿಳಿ ಚುಕ್ಕೆಯನ್ನು ಹುಡುಕಿ. ಸೂರ್ಯ ನಿಮ್ಮ ಬೆನ್ನಿಗಿಂತ ಪಕ್ಕಕ್ಕಿದ್ದರೆ ಒಳ್ಳೆಯದು; ರೋಮದ ಅಂಚು ಬೆಳಗಿ ಕಾಣುತ್ತದೆ, ನೆರಳೂ ಉದ್ದಕ್ಕೆ ಬಿದ್ದು ಓಡುತ್ತದೆ. ಅನುಭವಿಗಳು ಕೀಟಕ್ಕಿಂತ ಮೊದಲು ಅದರ ನೆರಳನ್ನೇ ಹಿಡಿಯುತ್ತಾರೆ.

ಒಂದೇ ಹೆಣ್ಣನ್ನು ಎರಡು ಸಾಲಿನಲ್ಲಿ ಎಣಿಸುವ ಅಪಾಯ ಇದ್ದೇ ಇದೆ. ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಲು ಇಷ್ಟುದ್ದ ರೋಮದ ಮೇಲೆ ಜಾಗವಿಲ್ಲ. ಪರವಾನಗಿ ಇದ್ದರೆ, ಸಿಕ್ಕವಳನ್ನು ಡಬ್ಬಿಯಲ್ಲಿ ನೆರಳಿನಲ್ಲಿಟ್ಟುಕೊಂಡು ಆ ಜಾಗದ ಆರೂ ಸಾಲು ಮುಗಿದ ಮೇಲೆ ಹಿಡಿದ ಸ್ಥಳದಲ್ಲೇ ಬಿಟ್ಟುಬಿಡುವುದು ಸರಳ ದಾರಿ.

ಪ್ರತಿ ಸಾಲಿಗೂ ಬರೆಯಬೇಕಾದದ್ದು: ದಿನಾಂಕ, ಶುರು ಮಾಡಿದ ಮತ್ತು ಮುಗಿಸಿದ ಹೊತ್ತು, ಎರಡೂ ತುದಿಯ ಅಕ್ಷಾಂಶ-ರೇಖಾಂಶ, ಗಾಳಿಯ ಬಿಸಿ, ಬಿಸಿಲಲ್ಲಿ ಮತ್ತು ಪೊದೆಯ ನೆರಳಲ್ಲಿ ಮರಳಿನ ಬಿಸಿ, ಗಾಳಿಯ ರಭಸ, ಮೋಡ, ನೆಲದ ಬಗೆ, ಮುಖ್ಯ ಗಿಡಗಳು, ಕಂಡ ಹೆಣ್ಣು-ಗಂಡು, ಅವು ಏನು ಮಾಡುತ್ತಿದ್ದವು ಎಂಬುದು. ಏನೂ ಕಾಣದಿದ್ದರೆ ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟ ಜಾಗ ಸೊನ್ನೆಯಲ್ಲ. ನಾಳೆ ಓದುವವರಿಗೆ ನೀವು ನೋಡಲಿಲ್ಲವೋ, ನೋಡಿ ಸಿಗಲಿಲ್ಲವೋ ತಿಳಿಯುವುದಿಲ್ಲ.

ಹಂತ 4: ಹಿಡಿಯುವುದು ಮತ್ತು ಫೋಟೋ

ಬೆರಳಿನಿಂದ ಮುಟ್ಟಬೇಡಿ. ಟೂಸಾನಿನ ಕೀಟತಜ್ಞ ಜಸ್ಟಿನ್ ಸ್ಮಿಟ್ ಕುಟುಕಿನ ನೋವಿಗೆ ಮಾಡಿದ ನಾಲ್ಕು ಮೆಟ್ಟಿಲ ಅಳತೆಯಲ್ಲಿ ಇದೇ ಕುಲದ ಡ್ಯಾಸಿಮ್ಯುಟಿಲ್ಲ ಕ್ಲುಗಿ ಮೂರನೆಯ ಮೆಟ್ಟಿಲಿನಲ್ಲಿದೆ. ವಿಷ ಜೀವ ತೆಗೆಯುವಂಥದ್ದಲ್ಲ, ನೋವು ಮಾತ್ರ ಬಹಳ ಹೊತ್ತು ಬಿಡುವುದಿಲ್ಲ. ಕುಟುಕಿದರೆ ತೊಳೆದು ತಣ್ಣನೆಯ ಪಟ್ಟಿ ಇಡಿ. ಉಸಿರು ಕಟ್ಟಿದರೆ, ಮುಖ-ನಾಲಗೆ ಊದಿಕೊಂಡರೆ ತಡಮಾಡದೆ 911ಕ್ಕೆ ಕರೆ ಮಾಡಿ.

ಹಿಡಿಯುವ ಬಗೆ: ಡಬ್ಬಿಯ ಬಾಯನ್ನು ಅದು ಓಡುತ್ತಿರುವ ದಿಕ್ಕಿಗೆ ಅಡ್ಡ ಇಟ್ಟು, ಹಿಂದಿನಿಂದ ಒಂದು ಕಡ್ಡಿ ತೋರಿಸಿ. ತಾನೇ ನಡೆದು ಒಳಹೋಗುತ್ತದೆ. ಚಿಮಟದಿಂದ ಒತ್ತಿ ಹಿಡಿಯಲು ಹೋದರೆ ಉರುಟು, ಗಟ್ಟಿ ಮೈ ಜಾರುತ್ತದೆ. ಈ ಕವಚ ಎಷ್ಟು ಗಟ್ಟಿಯೆಂದರೆ, ಇದೇ ಕುಲದ ಡ್ಯಾಸಿಮ್ಯುಟಿಲ್ಲ ಆಕ್ಸಿಡೆಂಟಾಲಿಸ್ ಅನ್ನು ನುಚ್ಚುನೂರು ಮಾಡಲು ಜೇನುಹುಳಕ್ಕಿಂತ ಹನ್ನೊಂದು ಪಟ್ಟು ಬಲ ಬೇಕೆಂದು ಸ್ಮಿಟ್ ಮತ್ತು ಬ್ಲಮ್ 1977ರಲ್ಲೇ ಅಳೆದಿದ್ದರು. ಡಬ್ಬಿಯೊಳಗೆ ಅದು ಕಿರ್ ಕಿರ್ ಎನ್ನುವುದು ಕೇಳುತ್ತದೆ. ಹೊಟ್ಟೆಯ ಪಟ್ಟಿಗಳನ್ನು ಒಂದಕ್ಕೊಂದು ಉಜ್ಜಿ ಮಾಡುವ ಎಚ್ಚರಿಕೆಯ ಸದ್ದು ಅದು.

ತಂಪುಪೆಟ್ಟಿಗೆಯಲ್ಲಿ ಕೆಲವು ನಿಮಿಷ ಇಟ್ಟರೆ ಓಟ ನಿಧಾನವಾಗುತ್ತದೆ. ಆಗ ಈ ಕೋನಗಳಿಂದ ಫೋಟೋ ತೆಗೆಯಿರಿ: ಮೇಲಿನಿಂದ, ಎರಡೂ ಪಕ್ಕದಿಂದ, ಮುಖಕ್ಕೆದುರಾಗಿ, ಹೊಟ್ಟೆಯ ತುದಿ, ಸಾಧ್ಯವಾದರೆ ಪಾರದರ್ಶಕ ಡಬ್ಬಿಯ ತಳದಿಂದ ಕೆಳಮೈ. ಸ್ಕೇಲು ಚಿತ್ರದಲ್ಲಿ ಬರಲಿ. ಬಿಳಿ ರೋಮ ಕ್ಯಾಮೆರಾಕ್ಕೆ ಬೆಂಕಿ ಹಚ್ಚಿದಂತೆ ಸುಟ್ಟುಬರುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಒಂದು ಮೆಟ್ಟಿಲು ಇಳಿಸಿ. ಮೇಲಿನಿಂದ ತೆಗೆದ ಒಂದೇ ಒಂದು ಸುಂದರ ಚಿತ್ರಕ್ಕಿಂತ ಮಸುಕಾದ ನಾಲ್ಕು ಪಕ್ಕನೋಟಗಳು ಗುರುತಿಸುವವರಿಗೆ ಹೆಚ್ಚು ಉಪಯೋಗ.

ಹಂತ 5: ಮೂರು ಜರಡಿಯಲ್ಲಿ ಗುರುತು

ಮೊದಲ ಜರಡಿ, ಇದು ಇರುವೆಯೋ ಕಣಜವೋ. ಇರುವೆಯ ಕುಡಿಮೀಸೆ ಮೊಣಕೈಯಂತೆ ಮಡಚಿರುತ್ತದೆ, ಮೊದಲ ಗಿಣ್ಣು ಬಹಳ ಉದ್ದ. ವೆಲ್ವೆಟ್ ಇರುವೆಯದು ಹಾಗೆ ಮುರಿದಂತಿರುವುದಿಲ್ಲ. ಇರುವೆಯ ಸೊಂಟದಲ್ಲಿ ಒಂದೋ ಎರಡೋ ಗಂಟು ಎದ್ದು ನಿಲ್ಲುತ್ತದೆ. ಇಲ್ಲಿ ಅಂಥ ಗಂಟು ಇಲ್ಲ.

ಎರಡನೆಯ ಜರಡಿ, ಇದು ಮ್ಯುಟಿಲಿಡೆ ಹೌದೋ. ಅಮೆರಿಕದ ಮರುಭೂಮಿಗಳಲ್ಲಿ ರೆಕ್ಕೆಯಿಲ್ಲದ ಹೆಣ್ಣು ಕಣಜಗಳ ಬೇರೆ ಕುಟುಂಬಗಳೂ ಇವೆ, ಕೈಫೋಟಿಸ್ ಕುಲ ಅವುಗಳಲ್ಲಿ ಮುಖ್ಯವಾದದ್ದು. ಎದೆಯನ್ನು ಮೇಲಿನಿಂದ ನೋಡಿ. ನಮ್ಮ ಕಣಜದ ಎದೆ ಬೆಸುಗೆಯ ಗೆರೆಯೇ ಕಾಣದ ಒಂದೇ ತುಂಡು. ಕೈಫೋಟಿಸ್‌ನಲ್ಲಿ ಮುಂದಿನ ಭಾಗ ಬೇರೆಯಾಗಿ ಕಾಣುತ್ತದೆ. ಜೊತೆಗೆ ನಮ್ಮ ಕಣಜದ ಎರಡನೆಯ ಹೊಟ್ಟೆಪಟ್ಟಿಯ ಪಕ್ಕದಲ್ಲಿ, ಒತ್ತಾಗಿ ಅಂಟಿದ ಕಿರುರೋಮಗಳ ಉದ್ದ ಗೆರೆಯೊಂದು ಇರುತ್ತದೆ. ಉದ್ದ ರೋಮದಡಿ ಅದು ಹೂತುಹೋಗಿರಬಹುದು, ಪಕ್ಕದ ಫೋಟೋಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಮೂರನೆಯ ಜರಡಿಯೇ ಕಷ್ಟದ್ದು. ಗ್ಲೋರಿಯೋಸ ಹೆಣ್ಣು ಸುಮಾರು ಒಂದೂವರೆ ಸೆಂಟಿಮೀಟರ್ ಆಸುಪಾಸು, ಕಪ್ಪು ಮೈ, ಮೇಲೆಲ್ಲ ಉದ್ದನೆಯ ನೆಟ್ಟಗಿನ ಬಿಳಿ ರೋಮ. ಆದರೆ ಗಾತ್ರವನ್ನು ಹೆಚ್ಚು ನಂಬಬೇಡಿ. ಮರಿ ಎಷ್ಟು ದೊಡ್ಡ ಅತಿಥೇಯವನ್ನು ತಿಂದಿತೋ ಅಷ್ಟು ದೊಡ್ಡ ಕಣಜ ಹೊರಬರುತ್ತದೆ. ಒಂದೇ ಜಾತಿಯಲ್ಲಿ ಕುಳ್ಳಿಯೂ ದೊಡ್ಡವಳೂ ಇರುತ್ತಾರೆ. ಬಿಳಿ ಬಳಗದಲ್ಲಿ ಡ್ಯಾಸಿಮ್ಯುಟಿಲ್ಲ ಸ್ಯಾಕೆನಿಯೈ, ಸ್ಯೂಡೋಪ್ಯಾಪಸ್, ಥೀಟಿಸ್ ಇವೂ ಇವೆ. ಸ್ಯಾಕೆನಿಯೈ ಕ್ಯಾಲಿಫೋರ್ನಿಯಾ ಕಡೆಯದು. ಮೇಲಿನ ರೋಮ ಕೆನೆಯಿಂದ ಹೊಂಬಣ್ಣದವರೆಗೆ ಹೋಗುತ್ತದೆ, ಕೆಳಮೈ ಕಪ್ಪು. ಫೋಟೋದಲ್ಲಿ ಬಿಸಿಲು ಹೆಚ್ಚಾದರೆ ಕೆನೆಬಣ್ಣವೂ ಬಿಳಿಯೇ ಆಗಿಬಿಡುತ್ತದೆ. ಉಳಿದೆರಡನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕವೇ ಬೇಕು. ಎದೆಯ ಅಗಲಕ್ಕೆ ಹೋಲಿಸಿದರೆ ತಲೆ ಎಷ್ಟು ಅಗಲ, ಎದೆಯ ಹಿಂಭಾಗದಲ್ಲಿ ಸಣ್ಣ ಹಲಗೆಯಂಥ ಏಣು ಇದೆಯೋ ಇಲ್ಲವೋ, ಹೊಟ್ಟೆಯ ಕೊನೆಯ ಫಲಕದ ಮೇಲೆ ಗೆರೆಗಳಿವೆಯೋ ಕಾಳುಕಾಳಾಗಿದೆಯೋ, ದವಡೆಯ ಹಲ್ಲು ಹೇಗಿದೆ, ಇವು ತಜ್ಞರ ಕೀಲಿಪಟ್ಟಿಗಳು ಕೇಳುವ ಪ್ರಶ್ನೆಗಳು. ಕ್ಲಾರೆನ್ಸ್ ಮಿಕೆಲ್ 1928ರಲ್ಲಿ ಈ ಕುಲಕ್ಕೆ ಹಾಕಿಕೊಟ್ಟ ತಳಹದಿಯ ಮೇಲೆಯೇ ಈಗಿನ ಪಟ್ಟಿಗಳೂ ನಿಂತಿವೆ.

ಒಂದು ಗುಣವೂ ಕಾಣದಿದ್ದರೆ 'ಡ್ಯಾಸಿಮ್ಯುಟಿಲ್ಲ, ಬಿಳಿ ಬಳಗ' ಎಂದು ನಿಲ್ಲಿಸಿ. ಇದರಲ್ಲಿ ಅವಮಾನವಿಲ್ಲ. ಊಹೆಯ ಮೇಲೆ ಬರೆದ ಜಾತಿಹೆಸರು ನಕ್ಷೆಯಲ್ಲಿ ಒಂದು ಸುಳ್ಳು ಚುಕ್ಕೆಯಾಗಿ ಕೂರುತ್ತದೆ, ಮತ್ತೆ ಅದನ್ನು ಯಾರೂ ಅಳಿಸಲು ಹೋಗುವುದಿಲ್ಲ.

ಗಂಡುಗಳ ಪಾಡು

ಗಂಡು ಮತ್ತು ಹೆಣ್ಣು ಎಷ್ಟು ಬೇರೆ ಕಾಣುತ್ತವೆಂದರೆ, ಈ ಕುಟುಂಬದಲ್ಲಿ ಒಂದೇ ಜಾತಿಯ ಗಂಡಿಗೊಂದು ಹೆಣ್ಣಿಗೊಂದು ಹೆಸರಿಟ್ಟು ದಶಕಗಳ ಕಾಲ ನಡೆದ ಉದಾಹರಣೆಗಳು ಸಾಕಷ್ಟಿವೆ. ಗಂಡಿನ ಕುಡಿಮೀಸೆಯಲ್ಲಿ 13 ಗಿಣ್ಣು, ಹೆಣ್ಣಿನದರಲ್ಲಿ 12. ಗಂಡಿನ ಹೊಟ್ಟೆಯ ಮೇಲೆ ಕಾಣುವ ಪಟ್ಟಿ ಏಳು, ಹೆಣ್ಣಿಗೆ ಆರು. ಗಂಡಿನ ನೆತ್ತಿಯ ಮೇಲೆ ಮೂರು ಕಿರುಗಣ್ಣುಗಳಿರುತ್ತವೆ.

ಯಾವ ಗಂಡು ಯಾವ ಹೆಣ್ಣಿನದು ಎಂದು ತಿಳಿಯಲು ಚೆಂದದ ಒಂದು ದಾರಿಯಿದೆ. ಇನ್ನೂ ಕೂಡದ ಹೆಣ್ಣನ್ನು ಜಾಲರಿ ಪಂಜರದಲ್ಲಿ ಹಳ್ಳದ ಬಯಲಿನಲ್ಲಿ, ಗಾಳಿ ಹಾಯುವ ಕಡೆ ಇಟ್ಟು ಕಾಯುವುದು. ಅವಳ ವಾಸನೆ ಹಿಡಿದು ಗಂಡುಗಳು ಗಾಳಿಗೆದುರಾಗಿ ನೆಲದ ಮಟ್ಟದಲ್ಲಿ ಹಾರಿಬರುತ್ತವೆ, ಬಲೆ ಬೀಸಿ ಹಿಡಿಯಬಹುದು. ಹಿಡಿದ ಹೆಣ್ಣು ಆಗಲೇ ಕೂಡಿದ್ದರೆ ಇದು ಫಲ ಕೊಡದೆಯೂ ಹೋಗಬಹುದು. ಜೋಡಿ ಕೂಡುವುದನ್ನೇ ಕಂಡರೆ ಎರಡನ್ನೂ ಒಂದೇ ಸಂಖ್ಯೆಯಡಿ ದಾಖಲಿಸಿ, ಅದಕ್ಕಿಂತ ದೊಡ್ಡ ಪುರಾವೆ ಬಯಲಿನಲ್ಲಿ ಸಿಗದು. ಇಲ್ಲದಿದ್ದರೆ ಡಿಎನ್‌ಎ ಹೋಲಿಕೆಯೇ ಗತಿ.

ಹಂತ 6: ಬಲೆಗಳು, ಎಷ್ಟು ಬೇಕೋ ಅಷ್ಟು

ಹಾರಲಾರದ ಹೆಣ್ಣಿಗೆ ನೆಲಮಟ್ಟದ ಗುಂಡಿಬಲೆ ಕೆಲಸ ಮಾಡುತ್ತದೆ. ನುಣುಪಾದ ಪ್ಲಾಸ್ಟಿಕ್ ಲೋಟವನ್ನು ಅಂಚು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಬರುವಂತೆ ಹೂಳಿ. ಅಂಚು ಕೂದಲೆಳೆಯಷ್ಟು ಮೇಲಿದ್ದರೂ ಕೀಟ ಸುತ್ತುಹಾಕಿ ಹೋಗುತ್ತದೆ. ಎರಡು ಲೋಟಗಳ ನಡುವೆ ಒಂದು ಮೀಟರ್ ಉದ್ದದ ತಗಡನ್ನು ಗೋಡೆಯಂತೆ ನಿಲ್ಲಿಸಿದರೆ ಬೀಳುವ ಸಂಖ್ಯೆ ಹೆಚ್ಚುತ್ತದೆ. ಮೇಲೆ ಕಲ್ಲುಗಳ ಮೇಲಿಟ್ಟ ಹಲಗೆಯ ನೆರಳು ಇರಲಿ.

ಈ ಜಾತಿಗೆ ದ್ರಾವಣ ತುಂಬಿದ ಬಲೆ ನನಗೆ ಒಪ್ಪಿಗೆಯಿಲ್ಲ. ಬೇಕಾದ ಒಂದಕ್ಕೆ ಬೇಡದ ನೂರು ಸಾಯುತ್ತವೆ, ಬಿಳಿ ರೋಮವೂ ಒದ್ದೆಯಾಗಿ ಅಂಟಿ ಅರ್ಧ ಗುಣಗಳು ಅಳಿಸಿಹೋಗುತ್ತವೆ. ಒಣ ಬಲೆಯನ್ನು ಮುಂಜಾನೆ ತೆರೆದು ಬಿಸಿಲೇರುವ ಮುನ್ನ ನೋಡಿ ಮುಚ್ಚಿ, ಸಂಜೆ ಮತ್ತೆ ತೆರೆಯಿರಿ. ತೆರೆದಿಟ್ಟು ಮನೆಗೆ ಹೋದರೆ ಹಲ್ಲಿಮರಿಗಳು ಅದರಲ್ಲಿ ಬೇಯುತ್ತವೆ. ದೊಡ್ಡ ಸಮೀಕ್ಷೆಗೆ ದ್ರಾವಣ ಅನಿವಾರ್ಯವಾದರೆ ಪ್ರೊಪಿಲೀನ್ ಗ್ಲೈಕಾಲ್ ಬಳಸಿ. ಎಥಿಲೀನ್ ಗ್ಲೈಕಾಲ್ ಕುಡಿದ ಪ್ರಾಣಿ ಸಾಯುತ್ತದೆ.

ದೀಪದ ಬಲೆ ಗ್ಲೋರಿಯೋಸಕ್ಕಲ್ಲ, ಅದು ಹಗಲಿನ ಜೀವಿ. ಆದರೆ ರಾತ್ರಿ ದೀಪ ಹಾಕಿದರೆ ಅದೇ ಮರಳಿನಿಂದ ಇನ್ನೊಂದು ಲೋಕವೇ ಏಳುತ್ತದೆ. ಸ್ಫೀರಾಪ್ಥಾಲ್ಮ, ಒಡಾಂಟೊಫೋಟಾಪ್ಸಿಸ್ ಕುಲಗಳ ಕಂದು ಬಣ್ಣದ, ದೊಡ್ಡ ಕಿರುಗಣ್ಣಿನ ಗಂಡುಗಳು ಗುಂಪಾಗಿ ಬರುತ್ತವೆ. ಅವನ್ನು ಬೇರೆ ಪಟ್ಟಿಯಲ್ಲಿಡಿ.

ಹಂತ 7: ಲೆಕ್ಕ

ಆರು ಸಾಲು, ಪ್ರತಿಯೊಂದೂ 100 ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ: ಒಟ್ಟು 2,400 ಚದರ ಮೀಟರ್. ಇದರಲ್ಲಿ ಎರಡು ಹೆಣ್ಣು ಕಂಡರೆ ಹೆಕ್ಟೇರಿಗೆ ಎಂಟು ಎಂದು ಗುಣಿಸಿ ಬರೆಯುವ ಆಸೆ ಬರುತ್ತದೆ. ಬೇಡ. ಬಿಲದೊಳಗೆ ಎಷ್ಟಿವೆ, ನಿಮ್ಮ ಕಣ್ಣು ತಪ್ಪಿಸಿಕೊಂಡವು ಎಷ್ಟು ಎಂಬುದು ಆ ಲೆಕ್ಕದಲ್ಲಿಲ್ಲ. ಒಂದು ಗಂಟೆಯ ಹುಡುಕಾಟಕ್ಕೆ ಇಷ್ಟು ಎಂದು ಬರೆಯುವುದು ಪ್ರಾಮಾಣಿಕ.

ಅದಕ್ಕಿಂತ ಮುಖ್ಯ ಪ್ರಶ್ನೆ: ಕಾಣಲಿಲ್ಲ ಎಂದರೆ ಇಲ್ಲ ಎಂದೇ ಅರ್ಥವೇ? ಕೀಟ ಇರುವ ಜಾಗದಲ್ಲೂ ಒಂದು ಭೇಟಿಯಲ್ಲಿ ಅದು ಕಾಣುವ ಸಾಧ್ಯತೆ ನೂರಕ್ಕೆ ಮೂವತ್ತು ಎಂದುಕೊಳ್ಳೋಣ. ಐದು ಬಾರಿ ಹೋದರೂ ಒಮ್ಮೆಯೂ ಕಾಣದಿರುವ ಸಾಧ್ಯತೆ 0.7ರ ಐದನೆಯ ಘಾತ, ಅಂದರೆ ಸುಮಾರು ನೂರಕ್ಕೆ ಹದಿನೇಳು. ಅದನ್ನು ನೂರಕ್ಕೆ ಐದರೊಳಗೆ ತರಲು ಒಂಬತ್ತು ಭೇಟಿ ಬೇಕು. ಮೂವತ್ತು ಎಂಬುದು ಇಲ್ಲಿ ಲೆಕ್ಕಕ್ಕಾಗಿ ಹಿಡಿದ ಅಂಕಿ. ನಿಮ್ಮ ಜಾಗದ ಅಂಕಿಯನ್ನು ನಿಮ್ಮ ಮರುಭೇಟಿಗಳೇ ಹೇಳಬೇಕು. ಅದಕ್ಕೇ ಹತ್ತು ಜಾಗಕ್ಕೆ ಒಮ್ಮೊಮ್ಮೆ ಹೋಗುವುದಕ್ಕಿಂತ ನಾಲ್ಕು ಜಾಗಕ್ಕೆ ಮತ್ತೆ ಮತ್ತೆ ಹೋಗುವುದನ್ನು ಹೊಸಬರಿಗೆ ನಾನು ಹೇಳುವುದು. ಸೊನ್ನೆ ಬಂದ ದಿನದ ಮರಳಿನ ಬಿಸಿ, ಗಾಳಿ, ಹೊತ್ತು ಪಟ್ಟಿಯಲ್ಲಿದ್ದರೆ ಮೋಡದ ದಿನಕ್ಕೆ ಕಾಣಲಿಲ್ಲವೋ, ಜಾಗದಲ್ಲೇ ಇಲ್ಲವೋ ಎಂದು ಬಿಡಿಸಿ ನೋಡಬಹುದು.

ಹಂತ 8: ಮಾದರಿ ಮತ್ತು ದಾಖಲೆ

ಪರವಾನಗಿಯಿದ್ದು, ಜಾತಿ ಖಚಿತಪಡಿಸಲು ಬೇಕೇಬೇಕಾದರೆ ಮಾತ್ರ ಒಂದೆರಡು ಮಾದರಿ ಇಟ್ಟುಕೊಳ್ಳಿ. ಫ್ರೀಜರಿನಲ್ಲಿಟ್ಟು ಸಾಯಿಸುವುದು ರೋಮಕ್ಕೆ ಒಳ್ಳೆಯದು. ಡಿಎನ್‌ಎಗಾಗಿ ಒಂದು ಕಾಲನ್ನು ಬೇರ್ಪಡಿಸಿ 95 ಪ್ರತಿಶತ ಎಥನಾಲಿನಲ್ಲಿಡಿ, ಉಳಿದ ಮೈಯನ್ನು ಒಣಗಿಸಿ ಸೂಜಿಗೆ ಚುಚ್ಚಿ. ಸೂಜಿ ಎದೆಯ ಬಲಭಾಗದಲ್ಲಿ ಹೋಗಲಿ, ಎಡಭಾಗವಾದರೂ ಹಾಳಾಗದೆ ಉಳಿಯುತ್ತದೆ. ತೆಳು ಸೂಜಿ ಈ ಕವಚದ ಮೇಲೆ ಬಾಗಿಬಿಡುತ್ತದೆ, ದಪ್ಪ ಉಕ್ಕಿನ ಕೀಟಸೂಜಿ ತೆಗೆದುಕೊಂಡು ನಿಧಾನಕ್ಕೆ ತಿರುಗಿಸುತ್ತಾ ಒತ್ತಿ.

ಚೀಟಿಯಲ್ಲಿ ದೇಶ, ರಾಜ್ಯ, ಕೌಂಟಿ, ಸ್ಥಳ, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು, ಹಿಡಿದ ಬಗೆ. ಚೀಟಿಯಿಲ್ಲದ ಮಾದರಿಗೆ ಯಾವ ಸಂಗ್ರಹಾಲಯದಲ್ಲೂ ಬೆಲೆಯಿಲ್ಲ. ಲೋಗನ್ ಊರಿನ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಕೀಟ ಸಂಗ್ರಹ ಈ ಕುಟುಂಬಕ್ಕೆ ಹೆಸರಾದದ್ದು, ಕಷ್ಟದ ಮಾದರಿಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಫೋಟೋ ದಾಖಲೆಗಳನ್ನು ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸಿ, ಎಲ್ಲ ಕೋನಗಳನ್ನೂ ಒಂದೇ ದಾಖಲೆಯಲ್ಲಿ. ಆದರೆ ಅಲ್ಲಿ ಕಂಡದ್ದು ಮಾತ್ರ ಸೇರುತ್ತದೆ, ನಿಮ್ಮ ಸೊನ್ನೆಗಳಿಗೆ ಅಲ್ಲಿ ಜಾಗವಿಲ್ಲ. ಸಾಲುಗಳ ಪೂರ್ತಿ ಪಟ್ಟಿಯನ್ನು ಪ್ರತ್ಯೇಕ ಕಡತವಾಗಿ ಉಳಿಸಿ, ಉದ್ಯಾನಕ್ಕೆ ಕೊಡಬೇಕಾದ ವರದಿಯ ಜೊತೆ ಅದನ್ನೂ ಲಗತ್ತಿಸಿ.

ಇದೇ ಕ್ರಮವನ್ನು ಥಾರ್ ಮರುಭೂಮಿಯಲ್ಲೋ ನಮ್ಮ ಬಳ್ಳಾರಿ, ಕೊಪ್ಪಳದ ಕುರುಚಲು ನೆಲದಲ್ಲೋ ಮಾಡಬಯಸುವವರಿಗೆ ಎರಡು ಬದಲಾವಣೆ. ಇಲ್ಲಿ ಡ್ಯಾಸಿಮ್ಯುಟಿಲ್ಲ ಇಲ್ಲ. ಸಾಮಾನ್ಯವಾಗಿ ಕಾಣುವುದು ಕೆಂಪು ಎದೆ, ಕಪ್ಪು ಹೊಟ್ಟೆಯ ಮೇಲೆ ಮಾಸಲು ಚುಕ್ಕೆಗಳ ಬೇರೆ ಕುಲಗಳು. ಅವುಗಳಿಗೆ ಕೀಟತಜ್ಞ ಬಿಂಗ್ಹ್ಯಾಮ್ 1897ರಲ್ಲಿ ಬರೆದ ವಿವರಣೆಗಳಿಂದ ಶುರುಮಾಡಬೇಕು. ಮೊದಲೆರಡು ಜರಡಿ ಇಲ್ಲಿಯೂ ಹಾಗೆಯೇ ನಡೆಯುತ್ತದೆ. ಎರಡನೆಯ ಬದಲಾವಣೆ ಕಾಗದಪತ್ರದ್ದು: ಜೈಸಲ್ಮೇರ್ ಕಡೆಯ ಡೆಸರ್ಟ್ ನ್ಯಾಷನಲ್ ಪಾರ್ಕ್‌ನಂಥ ರಕ್ಷಿತ ಪ್ರದೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಾದರಿಯನ್ನು ಗುರುತಿಗೆಂದು ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ, ಅಂಚೆಗೆ ಹಾಕುವ ಮೊದಲೇ 2002ರ ಜೀವವೈವಿಧ್ಯ ಕಾಯ್ದೆಯಡಿ ಏನು ಅನುಮತಿ ಬೇಕೆಂದು ಕೇಳಿಕೊಳ್ಳಿ.